ಸಂಪಾದಕರ ಉತ್ತರ: ಒಂದೇ ಪತ್ರದ ಎರಡು ಪುಟ

ಪತ್ರ: ಮಗ ಅಮೆರಿಕಕ್ಕೆ ಹೋಗಿ ಹದಿಮೂರು ವರ್ಷವಾಯಿತು. ತೆರಿಗೆ ಕಟ್ಟುತ್ತಾನೆ, ಮನೆ ಕೊಂಡಿದ್ದಾನೆ, ಗ್ರೀನ್ ಕಾರ್ಡ್ ಮಾತ್ರ ಸಿಕ್ಕಿಲ್ಲ. ಎರಡು ವರ್ಷದವಳಿದ್ದಾಗ ಹೋದ ಮೊಮ್ಮಗಳಿಗೆ ಈಗ ಹದಿನೈದು. ಅವಳ ಗತಿ ಏನು? ನೀವು ನೋಡಿದರೆ ಕಳೆದ ಸಂಚಿಕೆಯಲ್ಲಿ ಮುಂಡಗೋಡದ ಟಿಬೆಟನ್ನರ ಮೇಲೆ ಎಂಟು ಪುಟ ಹಾಕಿದ್ದೀರಿ. ಅವರಿಗೆ ನಮ್ಮ ಜಾಗ ಕೊಟ್ಟವರು ಯಾರು? ಈ ಸಲ ನಮ್ಮೂರಿಗೆ ಅಡಿಕೆ ಕೊನೆ ಕೊಯ್ಲಿಗೆ ಬಂದ ಹುಡುಗರು ಅಸ್ಸಾಮಿನವರಂತೆ. ಬಾಂಗ್ಲಾದವರೇ ಇರಬೇಕು. ಇದನ್ನೂ ಬರೆಯಿರಿ. — ಓದುಗರು, ಸಿದ್ದಾಪುರ ತಾಲೂಕು

ಹಿರಿಯರೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರದ ಮೊದಲ ಪುಟ ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಎರಡನೆಯದನ್ನು ಓದಿ, ಮೊದಲನೆಯದನ್ನು ಬರೆದವರೂ ಇವರೇ ಹೌದೋ ಎಂದು ಅಕ್ಷರ ಹೋಲಿಸಿ ನೋಡಿದೆ.

ಮೊದಲು ಮೊಮ್ಮಗಳ ವಿಷಯ. ಅಮೆರಿಕ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡು ಸುಮಾರು 1,40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚಿಲ್ಲ. ನಮ್ಮ ಕಡೆಯಿಂದ ಅರ್ಜಿ ಹಾಕಿದವರು ಲಕ್ಷಗಟ್ಟಲೆ, ಹಾಗಾಗಿ ಸಾಲು ಕದಲುವುದಿಲ್ಲ. ಮಗನ ವೀಸಾ ಮತ್ತೆ ಮತ್ತೆ ಮುಂದಕ್ಕೆ ಹೋಗಬಹುದು. ಆದರೆ ಅವನ ಹೆಸರಿನ ಆಸರೆಯಲ್ಲಿರುವ ಮಗಳಿಗೆ 21 ತುಂಬಿದರೆ ಆ ಆಸರೆ ಮುಗಿಯಿತು. ಅವಳು ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ನೆನಪೇ ಇಲ್ಲದ ಸಿದ್ದಾಪುರಕ್ಕೆ ಬರಬೇಕು. ಅಲ್ಲೇ ತಂಗಿಯೊಬ್ಬಳು ಹುಟ್ಟಿದ್ದರೆ ಅವಳು ಅಮೆರಿಕದ ಪ್ರಜೆ. ಅಕ್ಕ ಪರದೇಶಿ. ಇದು ಅನ್ಯಾಯ ಎನ್ನುತ್ತೀರಿ, ನಾನೂ ಹೌದೆನ್ನುತ್ತೇನೆ.

ಈಗ ಮುಂಡಗೋಡಕ್ಕೆ ಬನ್ನಿ. ಜಾಗ ಕೊಟ್ಟವರು ಯಾರು ಎಂದು ಕೇಳಿದ್ದೀರಿ. 1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಬಂದ ಸಾವಿರಾರು ಜನ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದರು. ಅವರಿಗೆ ನೆಲೆ ಕೊಡಲು ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಮೊದಲು ಬೈಲುಕುಪ್ಪೆ, ಆಮೇಲೆ 1966ರಲ್ಲಿ, ಎಸ್. ನಿಜಲಿಂಗಪ್ಪನವರ ಸರ್ಕಾರವಿದ್ದಾಗ, ಮುಂಡಗೋಡ. ಸುಮಾರು 4,000 ಎಕರೆ, ಹೆಚ್ಚಿನದು ಕಾಡು. ಅದನ್ನು ಕಡಿದು ಜೋಳ, ಭತ್ತ ಹಾಕಿದವರು ಅವರೇ. ಜಮೀನು ಇಂದಿಗೂ ಅವರ ಸ್ವಂತದ್ದಲ್ಲ. ಚಳಿಗಾಲಕ್ಕೆ ಪೇಟೆಪೇಟೆಯಲ್ಲಿ ಸ್ವೆಟರ್ ಮಾರಲು ಹೋಗುವುದೂ ಬರೇ ಹೊಲದಲ್ಲಿ ಹೊಟ್ಟೆ ತುಂಬದ್ದಕ್ಕೆ.

ಅಲ್ಲಿಯೂ ನಿಮ್ಮ ಮೊಮ್ಮಗಳಂಥವರಿದ್ದಾರೆ. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯ ಪೌರತ್ವ ನೋಡುತ್ತಾರೆ. ಟಿಬೆಟಿನಲ್ಲೇ ಹುಟ್ಟಿದ ದಂಪತಿಗೆ ಮುಂಡಗೋಡದಲ್ಲಿ 1985ರಲ್ಲಿ ಒಂದು, 1990ರಲ್ಲಿ ಇನ್ನೊಂದು ಮಗುವಾಗಿದ್ದರೆ ಅಣ್ಣ ಭಾರತೀಯ, ತಮ್ಮ ವಿದೇಶಿ. ತಮ್ಮ ಕಾಲಕಾಲಕ್ಕೆ ನೋಂದಣಿ ಪತ್ರ ನವೀಕರಿಸಿಕೊಳ್ಳುತ್ತಲೇ ಇರಬೇಕು. ಅಣ್ಣನ ಹಕ್ಕೂ ಸುಮ್ಮನೆ ಬಂದದ್ದಲ್ಲ. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಹೇಳಿದ ಮೇಲೆ, 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಸೇರದೆ ಉಳಿದವರೂ ಇದ್ದಾರೆ. ಒಂದು ದಿನ ವಾಪಸು ಹೋಗುತ್ತೇವೆ ಎಂದು ಕಾಯುವವರಿಗೆ ಈ ಕಾಗದ ಹಿಡಿಯಲು ಮನಸ್ಸು ಬಾರದು.

ನನ್ನ ತಕರಾರು ಇರುವುದು ಇಲ್ಲಿ. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತ ಎಂದರೆ ಯಾರು ಎಂದು ಹೇಳುವ ಕಾನೂನು ನಮ್ಮಲ್ಲಿಲ್ಲ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸ ಕಾಯ್ದೆ ಬಂತು, ಅದರಲ್ಲೂ ಆ ವ್ಯಾಖ್ಯೆ ಇಲ್ಲ. 2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾ, ಅಫ್ಘಾನಿಸ್ತಾನದಿಂದ ಬಂದ ಬೌದ್ಧರನ್ನು ಸೇರಿಸಿಕೊಂಡಿತು, ಮುಂಡಗೋಡದ ಬೌದ್ಧರು ಅದಕ್ಕೆ ಬೀಳುವುದಿಲ್ಲ. ಟಿಬೆಟನ್ನರಿಗೊಂದು ಆದೇಶ, ಲಂಕೆಯ ತಮಿಳರಿಗೊಂದು. ಬೇಕಾದಾಗ ಬರೆದದ್ದು, ಬೇಡವಾದಾಗ ಹಿಂದೆಗೆದುಕೊಳ್ಳಬಹುದಾದದ್ದು. ಗಡಿಯೇ ಬೇಡ ಎನ್ನುವವನು ನಾನಲ್ಲ. ಯಾರನ್ನು ಬಿಡುತ್ತೀರಿ, ಯಾರನ್ನು ಬಿಡುವುದಿಲ್ಲ, ಎಷ್ಟು ವರ್ಷಕ್ಕೆ ಏನು ಕೊಡುತ್ತೀರಿ ಎಂಬುದು ಬರಹದಲ್ಲಿರಲಿ, ಅಷ್ಟೇ. ಅಮೆರಿಕದ ಸಾಲು ಎಷ್ಟೇ ಕೆಟ್ಟದಿರಲಿ, ನಿಮ್ಮ ಮಗನಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದಾದರೂ ಗೊತ್ತು.

ಅಂದಹಾಗೆ, ಘಟ್ಟದ ಕೆಳಗೆ ಕಾರವಾರದಲ್ಲಿ ‘ನಿರಾಶ್ರಿತರು’ ಎಂದರೆ ಜನರಿಗೆ ಟಿಬೆಟ್ ನೆನಪಾಗುವುದಿಲ್ಲ, ಸೀಬರ್ಡ್ ನೆನಪಾಗುತ್ತದೆ. 1986ರಲ್ಲಿ ಅಡಿಗಲ್ಲು ಹಾಕಿದ ಆ ನೌಕಾನೆಲೆಗೆ ಮನೆ, ಗದ್ದೆ, ದೋಣಿ ಎಳೆಯುವ ಕಡಲತೀರ ಬಿಟ್ಟುಕೊಟ್ಟವರು. ತಮ್ಮದೇ ತಾಲೂಕಿನಲ್ಲಿ ನಾಲ್ಕಾರು ಮೈಲು ಆಚೆ ಹೋಗಿ ಕೂತರು, ಆ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಪರಿಹಾರದ ಕೇಸು ದಶಕಗಟ್ಟಲೆ ನಡೆಯಿತು. ಅವರಲ್ಲಿ ಯಾರ ಕಾಗದದಲ್ಲೂ ತಪ್ಪಿರಲಿಲ್ಲ.

ಇನ್ನು ನಿಮ್ಮ ತೋಟಕ್ಕೆ ಬಂದ ಹುಡುಗರು. ಅವರು ಮಾತಾಡುವುದು ಬಂಗಾಳಿ, ಅದಕ್ಕೇ ಬಾಂಗ್ಲಾದವರು ಎನ್ನುತ್ತೀರಿ. ಅಸ್ಸಾಮಿನ ಬರಾಕ್ ಕಣಿವೆಯ ತುಂಬ ಬಂಗಾಳಿಯೇ. 1961ರ ಡಿಸೆಂಬರ್ 19ರ ತನಕ ನಮ್ಮ ಮಾಜಾಳಿಯ ಆಚೆ ಗೋವೆಯಲ್ಲಿ ಪೋರ್ಚುಗಲ್ಲಿನ ಆಳ್ವಿಕೆ ಇತ್ತು, ಈಚೆ ಭಾರತ, ಎರಡೂ ಕಡೆ ಕೊಂಕಣಿ. ಗೋವೆಯ ಕಾಣಕೋಣದ ಸೊಸೆ ಈಚೆಯ ಸದಾಶಿವಗಡದಲ್ಲಿ ಕೂತು ತವರಿನ ಭಾಷೆ ಆಡಿದ್ದಕ್ಕೆ ಅವಳನ್ನು ಪರಕೀಯಳು ಎಂದು ಯಾರು ಹೇಳಿದರು?

ಇನ್ನೊಂದು ಸಂಗತಿ. ಅಸ್ಸಾಮಿನವರು 1971ರ ಮಾರ್ಚ್ 24ರ ಮಧ್ಯರಾತ್ರಿಯ ಮೊದಲಿನ ದಾಖಲೆ ಹುಡುಕಿ, ಅಜ್ಜನ ಹೆಸರಿನ ಕಾಗುಣಿತ ಸರಿ ಮಾಡಿಸಿ, ಕಚೇರಿಗಳ ಬಾಗಿಲಲ್ಲಿ ನಿಂತು ಬಂದವರು. 2019ರ ಆಗಸ್ಟ್ 31ರಂದು ಪೌರರ ನೋಂದಣಿ (ಎನ್‌ಆರ್‌ಸಿ) ಪಟ್ಟಿ ಬಂದಾಗ ಸುಮಾರು 19 ಲಕ್ಷ ಜನ ಅದರ ಹೊರಗಿದ್ದರು. ಒಳಗೆ ಉಳಿದ ಹುಡುಗನ ಮನೆಯ ಕಾಗದ ಎಷ್ಟು ಸಲ ತಪಾಸಣೆಯಾಗಿದೆಯೋ ನನ್ನದು, ನಿಮ್ಮದು ಅಷ್ಟು ಸಲ ಆಗಿಲ್ಲ. 1971ರ ಮೊದಲಿನ ಒಂದು ದಾಖಲೆ ತನ್ನಿ ಎಂದರೆ ನಾನೇ ಅಟ್ಟದ ಪೆಟ್ಟಿಗೆಯನ್ನೆಲ್ಲ ಕೆದಕಬೇಕು, ಗೆದ್ದಲು ಉಳಿಸಿದ್ದರೆ. ಸಂಶಯ ಹೋಗದಿದ್ದರೆ ಆಧಾರ್ ಪ್ರತಿ ಇಟ್ಟುಕೊಂಡು ಠಾಣೆಗೆ ತಿಳಿಸಿ. ವಿಚಾರಿಸುವುದು ಅವರ ಕೆಲಸ. ಚಾದಂಗಡಿಯಲ್ಲಿ ತೀರ್ಪು ಕೊಡುವುದು ಬೇಡ.

ಅವರು ಯಾಕೆ ಬಂದರು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡರಿಗೆ ವಯಸ್ಸಾಯಿತು, ಅವರ ಮಕ್ಕಳು ಮರ ಹತ್ತುವುದಿಲ್ಲ. ನಮ್ಮ ಮಕ್ಕಳು ಬೆಂಗಳೂರು ದಾಟಿ ಹೋದರು. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲೂ ಇದೇ ಕತೆ. 2020ರ ಲಾಕ್‌ಡೌನಿನಲ್ಲಿ ಬೋಟಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡದ ಖಲಾಸಿಗಳು ಊರಿಗೆ ಹೋದಾಗ, ಮಳೆಗಾಲ ಮುಗಿದರೂ ಎಷ್ಟೋ ಬೋಟುಗಳು ದಕ್ಕೆ ಬಿಟ್ಟು ಕದಲಲಿಲ್ಲ.

ಪತ್ರದ ಕೊನೆಯಲ್ಲಿ ಆ ಹುಡುಗರನ್ನು ಕರೆತಂದ ಮೇಸ್ತ್ರಿಯ ಹೆಸರು, ಫೋನ್ ನಂಬರ್ ಬರೆದು, ಅಚ್ಚು ಹಾಕಿ ಎಂದಿದ್ದೀರಿ. ಹಾಕಿಲ್ಲ. ನಂಬರು ಜೋಪಾನವಾಗಿಡಿ, ಎರಡನೇ ಕೊಯ್ಲಿಗೆ ಬೇಕಾದೀತು.