ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ. ಕೆಲಸದಲ್ಲಿ ಮನಸ್ಸು ನಿಲ್ಲುವುದು ಹೇಗೆ?

ನೀವು ಕೇಳಿದ್ದು ಇಷ್ಟು: ವಯಸ್ಸು 29, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಸಂಬಳಕ್ಕೆ ಕೊರತೆ ಇಲ್ಲ. ಆದರೂ ಭಾನುವಾರ ಸಂಜೆಯಾಯಿತೆಂದರೆ ಹೊಟ್ಟೆ ತೊಳಸುತ್ತದೆ, ಸೋಮವಾರ ಏಳುವುದಕ್ಕೆ ಮನಸ್ಸೇ ಬರುವುದಿಲ್ಲ. ಬದುಕಿಗೆ ಒಂದು ಉದ್ದೇಶ ಬೇಕು, ಅದು ಎಲ್ಲಿ ಸಿಗುತ್ತದೆ? ಸಂತೋಷ ಅನ್ನುವುದು ಎಲ್ಲಿದೆ? ಈ ಕೆಲಸ ಬಿಡಲೋ ಬೇಡವೋ?

ನಾನು ದಾವಣಗೆರೆಯಲ್ಲಿ ಪಿಗ್ಮಿ ಕಲೆಕ್ಟರ್. ವಯಸ್ಸು 48. ಒಂದು ಸಹಕಾರಿ ಸೊಸೈಟಿಗೆ 22 ವರ್ಷದಿಂದ ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ ಸುತ್ತುತ್ತಿದ್ದೇನೆ. ನಿಮ್ಮ ಒಂದು ತಿಂಗಳ ಸಂಬಳ ನನಗೆ ಬಹುಶಃ ಅರ್ಧ ವರ್ಷದ ಕಮಿಷನ್ ಆದೀತು. ಹಾಗಾಗಿ ಇವನೇನು ಹೇಳುತ್ತಾನೆ ಅನ್ನಿಸಿದರೆ ಇಲ್ಲಿಗೇ ಬಿಡಬಹುದು, ಬೇಜಾರಿಲ್ಲ.

ಉದ್ದೇಶ ಹುಡುಕಿಕೊಂಡು ಈ ಕೆಲಸಕ್ಕೆ ಬಂದವನಲ್ಲ ನಾನು. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ನಾಲ್ಕು ಸಲ ಬರೆದೆ, ಕೆಪಿಎಸ್‌ಸಿ ಎರಡು ಸಲ. ಯಾವ ಪಟ್ಟಿಯಲ್ಲೂ ಹೆಸರು ಬರಲಿಲ್ಲ. "ಸುಮ್ನೆ ಕೂರೋ ಬದ್ಲು ಪಿಗ್ಮಿ ತಗೋ, ಆಮೇಲೆ ನೋಡಿದ್ರಾತು" ಅಂತ ಸೋದರಮಾವ ಸೊಸೈಟಿಗೆ ಸೇರಿಸಿದರು. ಆ "ಆಮೇಲೆ" ಇನ್ನೂ ಬಂದಿಲ್ಲ.

ಪಿಗ್ಮಿ ಅಂದರೆ ನಿಮ್ಮ ವಯಸ್ಸಿನವರಿಗೆ ಗೊತ್ತಿರುತ್ತದೋ ಇಲ್ಲವೋ. ದಿನಕ್ಕೆ ಇಪ್ಪತ್ತೋ ಐವತ್ತೋ ನೂರೋ, ಕೊಟ್ಟಷ್ಟನ್ನು ಅಂಗಡಿ ಬಾಗಿಲಿಗೇ ಹೋಗಿ ಇಸಿದುಕೊಂಡು ಖಾತೆಗೆ ಜಮೆ ಮಾಡುವುದು. ಇದು ಶುರುವಾದದ್ದು 1928ರಲ್ಲಿ, ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅನ್ನಿಸಿಕೊಂಡ ಸಂಸ್ಥೆಯಿಂದ. ಆಗ ದಿನಕ್ಕೆ ಎರಡಾಣೆ, ರೂಪಾಯಿಗೆ ಹದಿನಾರಾಣೆಯ ಕಾಲ. ಒಂದು ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ ಹತ್ತಾಣೆ ಆಗುತ್ತದೆ, ಕೆಲಸವಿಲ್ಲದ ಒಂದು ಮಧ್ಯಾಹ್ನ ಲೆಕ್ಕ ಹಾಕಿದ್ದೇನೆ. ಕೈಮಗ್ಗ ನೆಲಕಚ್ಚಿ ಕರಾವಳಿಯ ನೇಕಾರರು ಬರಿಗೈಯಾದಾಗ ಅವರಿಗೆ ಆಸರೆಯಾಗಲಿ ಅಂತ 1925ರಲ್ಲಿ ಆ ಬ್ಯಾಂಕ್ ಹುಟ್ಟಿತಂತೆ. 2020ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕ್ ಹೋದರೂ ಪಿಗ್ಮಿ ಅನ್ನುವ ಪದ ನಮ್ಮ ಬೀದಿಗಳಲ್ಲಿ ಉಳಿದುಕೊಂಡಿದೆ. ಎಷ್ಟರಮಟ್ಟಿಗೆ ಅಂದರೆ, ನನ್ನ ಹೆಸರು ಈ ಮೂರು ಪೇಟೆಯಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲ. "ಪಿಗ್ಮಿ ಬಂತು ನೋಡು" ಅನ್ನುತ್ತಾರೆ. ಬಂದ ಅಂತಲೂ ಅಲ್ಲ, ಬಂತು.

ಮೊದಲ ಎರಡು ವರ್ಷ ಈ "ಬಂತು" ನನ್ನನ್ನು ತಿಂದು ಹಾಕಿತು. ಜೊತೆಗೆ ಓದಿದವನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ಹೆಗಲಿಗಿದ್ದ ಚೀಲ ನೋಡಿ, "ಓ, ಪಿಗ್ಮಿನಾ?" ಅಂದ. ಅಷ್ಟೇ ಅಂದದ್ದು. ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಹೋದರೆ "ಇನ್ನೂ ಬೋಣಿನೇ ಆಗಿಲ್ಲ, ಆಗ್ಲೇ ಬಂದ್ಯಾ?", ರಾತ್ರಿ ಹೋದರೆ "ಗಲ್ಲಾ ಮುಚ್ಚೀನಿ, ನಾಳಿಗೆ ಬಾ". ನಿಮ್ಮ ಭಾನುವಾರ ಸಂಜೆಯ ಹೊಟ್ಟೆ ತೊಳಸು ಇದೆಯಲ್ಲ, ನನಗದು ದಿನಾ ನಾಲ್ಕು ಗಂಟೆಗೆ ಬರುತ್ತಿತ್ತು.

2005ರ ಮಳೆಗಾಲದಲ್ಲಿ ಒಂದು ದಿನ ಸಾಕಾಗಿ ಹೋಯಿತು. ಚೀಲ ಮೊಳೆಗೆ ನೇತುಹಾಕಿ ನಾಲ್ಕು ದಿನ ಮನೆಯಲ್ಲೇ ಮಲಗಿದೆ. ಸೊಸೈಟಿಗೆ ಜ್ವರ ಅಂತ ಹೇಳಿದ್ದೆ. ಐದನೇ ದಿನ, ಬಿಟ್ಟುಬಿಡುವುದಾದರೂ ಕೈಯಲ್ಲಿರುವ ಖಾತೆದಾರರ ಕಾರ್ಡುಗಳ ಲೆಕ್ಕ ಒಪ್ಪಿಸಿ ಬಿಡೋಣ ಅಂತ ಹೊರಟೆ. ಚೌಕಿಪೇಟೆಯ ಮೂಲೆಯಲ್ಲಿ ಹೂ ಮಾರುವ ಅಜ್ಜಿ ಒಬ್ಬರಿದ್ದರು. ದಿನಕ್ಕೆ ಇಪ್ಪತ್ತು ರೂಪಾಯಿ ಖಾತೆ. ನನ್ನನ್ನು ನೋಡಿದ್ದೇ ಬುಟ್ಟಿಯ ಅಡಿಯಿಂದ ನಾಲ್ಕು ಪೊಟ್ಟಣ ತೆಗೆದರು. ಹೂವಿನ ಹಾಗೇ ಬಾಳೆ ಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದ್ದ ಪೊಟ್ಟಣ. ಬಿಚ್ಚಿದರೆ ಒಂದೊಂದರಲ್ಲೂ ಇಪ್ಪತ್ತು ರೂಪಾಯಿ ಚಿಲ್ಲರೆ. ಮೊದಲ ದಿನದ ಎಲೆ ಬಾಡಿ ಕಂದಾಗಿತ್ತು, ನಾಲ್ಕನೆಯದು ಇನ್ನೂ ಹಸಿರು. ಒಟ್ಟಿಗೆ ಎಂಬತ್ತು ಇಟ್ಟರೆ ಖರ್ಚಾಗಿಬಿಡುತ್ತದಂತೆ, ಅದಕ್ಕೆ ಆಯಾ ದಿನದ್ದು ಆಯಾ ದಿನವೇ ಕಟ್ಟಿಟ್ಟಿದ್ದು. "ನೀ ಬರ್ಲಿಲ್ಲ ಅಂದ್ರ ದಿನ ಬರೋದು ಬಿಡ್ತೈತೇನಪ್ಪಾ?" ಅಂದರು. ಬೈದರೋ ಸಮಾಧಾನ ಮಾಡಿದರೋ ಇವತ್ತಿಗೂ ನನಗೆ ತಿಳಿದಿಲ್ಲ.

ಆಗ ನನಗೇನೋ ಜ್ಞಾನೋದಯವಾಯಿತು ಅಂತ ತಿಳಿಯಬೇಡಿ. ನಾಚಿಕೆಯಾಯಿತು, ಅಷ್ಟೇ. ನಾನು ಮನೆಯಲ್ಲಿ "ನನ್ನ ಬದುಕಿಗೇನು ಅರ್ಥ" ಅಂತ ಹೊದ್ದು ಮಲಗಿದ್ದ ಒಂದೊಂದು ದಿನವೂ ಇಲ್ಲೊಬ್ಬರು ನನ್ನ ಹೆಸರಿಗೆ, ಹೆಸರೇನು ಬಂತು, ನನ್ನ ಕೆಲಸಕ್ಕೆ, ಒಂದು ಪೊಟ್ಟಣ ಕಟ್ಟಿ ಕಾಯುತ್ತಿದ್ದರು. ಮರುದಿನ ಹೋದೆ. ಅದರ ಮರುದಿನವೂ ಹೋದೆ. ಉತ್ಸಾಹ ಬಂದು ಹೋದದ್ದಲ್ಲ. ಹೋಗಿ ಹೋಗಿ ಎಂಟು ಹತ್ತು ತಿಂಗಳ ಮೇಲೆ ನೋಡಿದರೆ ನಾಲ್ಕು ಗಂಟೆಯ ಹೊಟ್ಟೆ ತೊಳಸು ನಿಂತಿತ್ತು, ಯಾವಾಗ ನಿಂತಿತೋ ಗೊತ್ತಿಲ್ಲ.

ಅಜ್ಜಿ ಆ ದುಡ್ಡಿನಲ್ಲಿ ಏನು ಮಾಡಿದರು ಅಂತ ಕೇಳುತ್ತೀರಿ. ಗಿರವಿ ಅಂಗಡಿಯಲ್ಲಿದ್ದ ಬೆಂಡೋಲೆ ಬಿಡಿಸಿಕೊಂಡರು. ಎರಡೇ ತಿಂಗಳಿಗೆ ಅದು ಮತ್ತೆ ಗಿರವಿಗೆ ಹೋಯಿತು, ಮೊಮ್ಮಗನ ಕಾಲು ಮುರಿದಿತ್ತು. ಅವರು ಮತ್ತೆ ಪಿಗ್ಮಿ ಶುರು ಮಾಡಿದರು. ಹೀಗೆ ಮೂರು ಸಲ. ನನ್ನ ಕೆಲಸದಿಂದ ಯಾರ ಬದುಕೂ ಬಂಗಾರವಾಗಿಲ್ಲ ಅನ್ನುವುದನ್ನು ಮುಚ್ಚಿಟ್ಟು ನಿಮಗೆ ಉತ್ತರ ಬರೆದರೆ ಅದು ಮೋಸ.

ಇನ್ನೊಂದು ಬದಿಯೂ ಇದೆ, ಅದನ್ನು ನಮ್ಮಪ್ಪನಲ್ಲಿ ನೋಡಿದ್ದೇನೆ. ಅಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಈಗ ಊರಿನ ಹೆಸರು ಹೇಳಿದರೆ ಎಲ್ಲರೂ ಬೆಣ್ಣೆದೋಸೆ ಅನ್ನುತ್ತಾರೆ. ಇರಲಿ. ಅಪ್ಪನಿಗೆ ಕೆಲಸದಲ್ಲಿ ಉತ್ಸಾಹ ಇದೆಯಾ ಅಂತ ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಸೈರನ್ ಕೂಗಿತು, ಹೋದರು. ಮಿಲ್ಲು ಮುಚ್ಚಿದ ಮೇಲೆ ಸೈರನ್ ಇಲ್ಲ, ಆದರೂ ಅದೇ ಹೊತ್ತಿಗೆ ಎದ್ದು, ಮುಖ ತೊಳೆದು, ಖಾಕಿ ಅಂಗಿ ತೊಟ್ಟು ಜಗಲಿಯಲ್ಲಿ ಕೂರುತ್ತಿದ್ದರು. ಎರಡು ವರ್ಷ ಹಾಗೇ. ಮಾತಿಲ್ಲ, ಅಮ್ಮನ ಮೇಲೆ ಸಿಡುಕು. ಬರಬೇಕಾದ ಬಾಕಿ ದುಡ್ಡಿನ ಚಿಂತೆಗಿಂತಲೂ ಹೆಚ್ಚಿನದೇನೋ ಅವರನ್ನು ಕೊರೆಯುತ್ತಿತ್ತು. ನನಗೆ ಆಗ ಅರ್ಥವಾಗುತ್ತಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಪೇಟೆ ಮುಚ್ಚಿ ನಾನೇ ಜಗಲಿಯಲ್ಲಿ ಕೂತಾಗ ಅರ್ಥವಾಯಿತು.

ಅಪ್ಪನನ್ನು ಜಗಲಿಯಿಂದ ಎಬ್ಬಿಸಿದ್ದು ಎದುರು ಮನೆಯಾಕೆ. ಬೀಡಿ ಕಟ್ಟುವ ಹೆಂಗಸು, ಬೆಳಿಗ್ಗೆ ಹೊತ್ತು ಸಾಲುತ್ತಿರಲಿಲ್ಲ. "ಹೆಂಗೂ ಲಗೂನ ಎದ್ದಿರ್ತೀರಿ, ಈ ಹುಡುಗೀನ ಸಾಲಿಗೆ ಬಿಟ್ಟು ಬರ್ರಿ ಕಾಕಾ" ಅಂದಳು. ಒಂದು ಮಗು ಮೂರಾಯಿತು, ಮೂರು ಏಳಾಯಿತು. ಖಾಕಿ ಅಂಗಿಯ ಮುದುಕ ಮುಂದೆ, ಮಕ್ಕಳ ಸಾಲು ಹಿಂದೆ. ಸಿಡುಕು ನಿಂತದ್ದು ಆಮೇಲೆ. ಸಾಯುವ ಹಿಂದಿನ ವರ್ಷದವರೆಗೂ ಬಿಡಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ನೀವು ನಾಳೆ ಹೋಗದಿದ್ದರೆ ಯಾರ ಕೆಲಸ ನಿಲ್ಲುತ್ತದೆ? ಮ್ಯಾನೇಜರ್ ಹೆಸರು ಹೇಳಬೇಡಿ. ನೀವು ಬರೆದ ಪ್ರೋಗ್ರಾಮು ಕೊನೆಗೆ ಯಾವ ಮನುಷ್ಯನ ಕೈಗೆ ಹೋಗುತ್ತದೆ ಅಂತ ಕೇಳುತ್ತಿದ್ದೇನೆ. ನನ್ನ ಕೈಯಲ್ಲಿರುವ ರಸೀದಿ ಮೆಷೀನಿನ ಒಳಗಿನದ್ದನ್ನೂ ನಿಮ್ಮಂಥವರೊಬ್ಬರು ಬರೆದಿರಬೇಕು. ಮೊದಲು ಬಂದ ಮೆಷೀನಿನಲ್ಲಿ ಒಂದು ತಪ್ಪಿತ್ತು. ಪೇಪರ್ ರೋಲ್ ಮಧ್ಯದಲ್ಲಿ ಮುಗಿದರೆ ದುಡ್ಡು ಜಮೆಯಾಗುತ್ತಿತ್ತು, ರಸೀದಿ ಬರುತ್ತಿರಲಿಲ್ಲ, ಮತ್ತೊಮ್ಮೆ ಒತ್ತಿದರೆ ಎರಡು ಸಲ ಜಮೆ. ರಾತ್ರಿ ಲೆಕ್ಕ ತಾಳೆಯಾಗದೆ ಕೈಯಿಂದ ಕಟ್ಟಿದ್ದೇನೆ. ಒಂದು ಸಲ 300, ಇನ್ನೊಂದು ಸಲ 450. ಆರೆಂಟು ತಿಂಗಳ ಮೇಲೆ ಯಾರೋ ಅದನ್ನು ಸರಿಮಾಡಿದರು. ಯಾರು ಅಂತ ನನಗೆ ಗೊತ್ತಿಲ್ಲ, ಅವರಿಗೂ ನಾನು ಗೊತ್ತಿಲ್ಲ. ಆ ಹುಡುಗನಿಗೋ ಹುಡುಗಿಗೋ ಆ ವಾರವೂ ಭಾನುವಾರ ಸಂಜೆ ಹೊಟ್ಟೆ ತೊಳಸಿರಬಹುದು. ಒಂದೇ ಒಂದು ದಿನ ನನ್ನ ಜೊತೆ ಚೌಕಿಪೇಟೆ ಸುತ್ತಿದ್ದರೆ ತಾನು ಮಾಡಿದ್ದೇನು ಅಂತ ತಿಳಿಯುತ್ತಿತ್ತು. ನಿಮ್ಮ ಕಂಪನಿಯಲ್ಲೂ ಗ್ರಾಹಕರ ಫೋನ್ ಎತ್ತುವವರು ಇದ್ದೇ ಇರುತ್ತಾರೆ. ಒಂದು ದಿನ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಬೈಗುಳ ಕೇಳಿಸಿಕೊಳ್ಳಿ. ಬಹಳ ಅರ್ಥವಾಗುತ್ತದೆ.

ಅಲ್ಲಿ ಯಾರೂ ಸಿಗದಿದ್ದರೆ? ಸಿಗದಿರಬಹುದು. ಕೆಲವು ಕೆಲಸ ನಿಜಕ್ಕೂ ಯಾರಿಗೂ ಬೇಡದ್ದು. ಆಗ ಕೆಲಸ ಸಂಬಳಕ್ಕೆ, ಮನಸ್ಸಿಗೆ ಬೇರೆ ಅಂತ ಇಟ್ಟುಕೊಂಡರೆ ಪಾಪವೇನಲ್ಲ. ಅಪ್ಪ ಮಕ್ಕಳನ್ನು ಶಾಲೆಗೆ ಬಿಟ್ಟದ್ದಕ್ಕೆ ಯಾರೂ ಸಂಬಳ ಕೊಡಲಿಲ್ಲ.

ಆಫೀಸುಗಳಲ್ಲಿ "ಕಾಯಕವೇ ಕೈಲಾಸ" ಅಂತ ಬೋರ್ಡು ಹಾಕಿರುತ್ತಾರೆ, ನಮ್ಮ ಸೊಸೈಟಿಯಲ್ಲೂ ಇದೆ, ಸರಿಯಾಗಿ ಅಧ್ಯಕ್ಷರ ಕುರ್ಚಿಯ ಮೇಲೆ. ಹನ್ನೆರಡನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಎಲ್ಲಿಂದ ತಂದನೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳಲ್ಲ, ಆ ಕಥೆಯನ್ನು ಮಾತ್ರ ಯಾರೂ ಬೋರ್ಡಿನಲ್ಲಿ ಬರೆಸುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ತೆರೆದಿಟ್ಟುಕೊಳ್ಳುವವರು ಮೊದಲು ಲಕ್ಕಮ್ಮನ ಮಾತು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮಗೆ ಬೇಸರ ಕೆಲಸದ್ದೋ, ನಿದ್ದೆಗೆಟ್ಟದ್ದೋ, ಮ್ಯಾನೇಜರನದೋ, ದಿನಾ ಮೂರು ಗಂಟೆ ಟ್ರಾಫಿಕ್ಕಿನದೋ? ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾವ ಹೊತ್ತಿಗೆ ಬಂತು, ಮುಂಚೆ ಏನಾಗಿತ್ತು. ನಾನು ಲೆಕ್ಕದವನು, ಬರೆಯದ ಲೆಕ್ಕ ನಂಬುವುದಿಲ್ಲ.

ಒಂದು ಮಾತು ಗಂಭೀರವಾಗಿ. ಎರಡು ವಾರಕ್ಕೂ ಹೆಚ್ಚು ನಿದ್ದೆ ಇಲ್ಲ, ಊಟ ರುಚಿಸುತ್ತಿಲ್ಲ, ಮುಂಚೆ ಇಷ್ಟವಾಗುತ್ತಿದ್ದದ್ದೂ ಬೇಡ ಅನ್ನಿಸುತ್ತಿದೆ, ಬದುಕಿರುವುದೇ ಬೇಡ ಅನ್ನಿಸುತ್ತಿದೆ ಅಂತಿದ್ದರೆ ನನ್ನ ಕಥೆಯೂ ಬೇಡ, ಯಾರ ಕಥೆಯೂ ಬೇಡ, ಡಾಕ್ಟರ ಹತ್ತಿರ ಹೋಗಿ. ನನ್ನ ಅಕ್ಕನ ಮಗನಿಗೆ ಹೀಗೇ ಆಗಿತ್ತು. "ಸೋಮಾರಿ" ಅಂತ ನಾವೆಲ್ಲ ಆರು ತಿಂಗಳು ಬೈದೆವು, ಕಾಯಿಲೆ ಅಂತ ಗೊತ್ತಾಗಿದ್ದು ಆಮೇಲೆ. ಬೈದದ್ದು ನನಗೆ ಇನ್ನೂ ಚುಚ್ಚುತ್ತದೆ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸಂತೋಷದ ಬಗ್ಗೆಯೂ ಕೇಳಿದ್ದೀರಿ. ನನ್ನದು ಚಿಕ್ಕದು. ರಾತ್ರಿ ಒಂಬತ್ತೂಕಾಲಿಗೆ ಚೀಲ ಸುರಿದು, ನೋಟು ಬೇರೆ ಚಿಲ್ಲರೆ ಬೇರೆ ಮಾಡಿ ಎಣಿಸಿ, ಮೆಷೀನಿನ ಮೊತ್ತಕ್ಕೂ ಕೈಯಲ್ಲಿರುವುದಕ್ಕೂ ಒಂದು ರೂಪಾಯಿ ಆಚೀಚೆ ಇಲ್ಲದೆ ತಾಳೆಯಾದಾಗ ಒಳಗೊಂದು ತಣ್ಣಗಿನ ಸುಖ ಬರುತ್ತದೆ. ಆಮೇಲೆ ಒಂದು ಪ್ಲೇಟು ಮಂಡಕ್ಕಿ, ಎರಡು ಮಿರ್ಚಿ. ದಿನಾ ಬರುವುದಿಲ್ಲ ಈ ಸುಖ. ವಾರಕ್ಕೆ ಮೂರು ದಿನ ಬಂದರೆ ಆ ವಾರ ಚೆನ್ನಾಗಿತ್ತು ಅಂತ ನನ್ನ ಲೆಕ್ಕ.

ನನ್ನ ಕೆಲಸವೂ ಬಹಳ ವರ್ಷ ಉಳಿಯಲಾರದು. ಒಂದು ಕಾಲಕ್ಕೆ 180 ಖಾತೆ ಇದ್ದವು, ಈಗ 112. ಅಂಗಡಿಯ ಹುಡುಗರು ಕ್ಯೂಆರ್ ಕೋಡಿನಲ್ಲಿ ದುಡ್ಡು ಇಸಿದುಕೊಳ್ಳುತ್ತಾರೆ, ಅದು ನೇರ ಬ್ಯಾಂಕಿಗೆ ಹೋಗುತ್ತದೆ, ಗಲ್ಲಾದಲ್ಲಿ ನೋಟೇ ಇರುವುದಿಲ್ಲ. "ಮುಂದೇನಪ್ಪಾ?" ಅಂತ ಮಗಳು ಕೇಳುತ್ತಾಳೆ. ಖಾಕಿ ಅಂಗಿ ಒಂದು ಹೊಲಿಸಿಟ್ಟುಕೊಳ್ಳುತ್ತೇನೆ ಅಂತ ತಮಾಷೆ ಮಾಡುತ್ತೇನೆ. ಅವಳಿಗೆ ನಗು ಬರುವುದಿಲ್ಲ.

ಕೊನೆಗೆ, ಕೆಲಸ ಬಿಡಲೋ ಬೇಡವೋ ಅನ್ನುವುದು. ಅದನ್ನು ನಾನು ಹೇಳಲಾರೆ. ಬಿಡುವುದೇ ಆದರೆ ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ, ಬಾಡಿಗೆ ಸೇರಿಸಿ. ಅಷ್ಟು ಇಲ್ಲದಿದ್ದರೆ ಇವತ್ತಿನಿಂದಲೇ ದಿನಕ್ಕೆ ಇಷ್ಟು ಅಂತ ಎತ್ತಿಡಿ, ಆಯಾ ದಿನದ್ದು ಆಯಾ ದಿನವೇ. ಒಟ್ಟಿಗೆ ಇಡುತ್ತೇನೆ ಅಂದರೆ ಖರ್ಚಾಗಿಬಿಡುತ್ತದೆ.