ಒಳ್ಳೆಯ ದೊಡ್ಡಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬಹುದಾ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಅವರು ತುಮಕೂರಿನ ಶಿಕ್ಷಕಿ, ವಯಸ್ಸು 36. ಸಮಾಲೋಚನೆಗೆ ನನ್ನ ಬಳಿ ಕರೆತಂದದ್ದು ಗಂಡ. ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ಗಲಾಟೆಯಾಗಿತ್ತು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ವಾಡಿಕೆ ಅಲ್ವಾ? ದೊಡ್ಡಮ್ಮ ವಡೆ, ಪಾಯಸ, ಎಲೆ ಅಡಿಕೆಯ ಪಕ್ಕ ಒಂದು ಕಡ್ಡಿಪುಡಿ (ಜಗಿಯುವ ತಂಬಾಕು) ಪೊಟ್ಟಣವನ್ನೂ ಇಟ್ಟರು. ಇವರು ಅದನ್ನು ಕಿತ್ತು ಬೀದಿಗೆ ಎಸೆದರು, ಅದೂ ನೆಂಟರೆಲ್ಲರ ಎದುರಿಗೆ. ಅವತ್ತಿನಿಂದ ದೊಡ್ಡಮ್ಮ ಮಾತು ಬಿಟ್ಟಿದ್ದರು.

ದೊಡ್ಡಪ್ಪ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಬಾಯಿ ಕ್ಯಾನ್ಸರ್.

ಮೊದಲ ದಿನ ಬರೀ ಆಸ್ಪತ್ರೆಯ ಮಾತು. "ಕಣ್ಣು ಮುಚ್ಚಿದ್ರೆ ಮೂಗಿಗೆ ಹಾಕಿದ್ದ ನಳಿಕೆ, ಊದಿದ ದವಡೆ. ಬೇರೆ ಏನೂ ಬರಲ್ಲ ಮೇಡಂ." ಆರೈಕೆ ಮಾಡಿದವರಲ್ಲಿ ಇದು ತುಂಬ ಸಾಮಾನ್ಯ. ಕೊನೆಯ ಕೆಲವು ವಾರಗಳು ಅರವತ್ತು ಎಪ್ಪತ್ತು ವರ್ಷದ ಬದುಕನ್ನೇ ಮುಚ್ಚಿಬಿಡುತ್ತವೆ. "ಅವರು ಚೆನ್ನಾಗಿದ್ದಾಗ ಭಾನುವಾರ ಏನು ಮಾಡ್ತಿದ್ರು?" ಎಂದು ಕೇಳಿದೆ.

ಆಮೇಲೆ ಮಾತು ನಿಲ್ಲಲಿಲ್ಲ. ಅಪ್ಪನಿಗೆ ಅಂಗಡಿ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಈಕೆಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವರು ದೊಡ್ಡಪ್ಪ. ಸ್ವಲ್ಪ ದೊಡ್ಡವಳಾದ ಮೇಲೆ ಬಸ್ಸಿನಲ್ಲಿ ದೇವರಾಯನದುರ್ಗ. ನಾಮದ ಚಿಲುಮೆಯಲ್ಲಿ ನೀರು ಕುಡಿದು, ಕೆಳಗಿನ ಭೋಗ ನರಸಿಂಹನಿಗೆ ಕೈ ಮುಗಿದು, ಮೇಲಿನ ಯೋಗ ನರಸಿಂಹನ ತನಕ ನಡಿಗೆ. ಜಯಮಂಗಲಿ ನದಿ ಹುಟ್ಟುವುದು ಇದೇ ಬೆಟ್ಟದಲ್ಲಿ ಎಂದು ಪ್ರತಿ ಸಲವೂ ಹೊಸ ಸುದ್ದಿಯ ಹಾಗೆ ಹೇಳುತ್ತಿದ್ದರಂತೆ. ಜೇಬಿನಲ್ಲಿ ಕಾರೆ ಹಣ್ಣು. ದಾರಿಯಲ್ಲಿ ಸಿಕ್ಕ ದನ ಕಾಯುವ ಹುಡುಗರಿಗೆ ಬುತ್ತಿಯಲ್ಲಿ ಅರ್ಧ. ಒಮ್ಮೆ ಶಿರಾ ಕಡೆಯ ಕಗ್ಗಲಡುವಿಗೆ ಹೋಗಿ ಹುಣಸೆ ಮರದ ಮೇಲಿನ ಬಣ್ಣದ ಕೊಕ್ಕರೆಗಳನ್ನು ನೋಡಿದ್ದರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ಕಾಣುವವರೆಗೆ ಬಿಸಿಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. "ಹೆಣ್ಮಗೂನ ಯಾಕೆ ಬೆಟ್ಟ ಗುಡ್ಡ ಅಲೆಸ್ತೀಯಾ" ಎಂದವರಿಗೆ ಅವರು ಉತ್ತರ ಕೊಡುತ್ತಿರಲಿಲ್ಲ. ಮುಂದಿನ ಭಾನುವಾರ ಮತ್ತೆ ಹೊರಡುತ್ತಿದ್ದರು. ಈ ಮನುಷ್ಯ ನನಗೂ ಇಷ್ಟವಾಗಿಬಿಟ್ಟರು.

ಹೇಳುತ್ತಾ ಹೇಳುತ್ತಾ ಈಕೆ ತಟ್ಟನೆ ನಿಂತರು. "ಅಲ್ಲಿ ಕೂತಾಗ್ಲೂ ಬಾಯಲ್ಲಿ ಕಡ್ಡಿಪುಡಿ. ಎಷ್ಟು ಸಲ ಬೇಡಿಕೊಂಡೆ. ಸುಮ್ನೆ ನಗ್ತಿದ್ರು." ಆಮೇಲೆ ಜೋರಾಗಿ ಅತ್ತರು.

ಕೆಟ್ಟವರನ್ನು ಬೈದರೆ ಊರೇ ದನಿಗೂಡಿಸುತ್ತದೆ. ಒಳ್ಳೆಯವರ ಮೇಲಿನ ಸಿಟ್ಟನ್ನು ಯಾರಿಗೆ ಹೇಳುವುದು? ಸಾವಿನ ಮನೆಯಲ್ಲಿ ಎಲ್ಲರೂ "ದೇವರಂಥ ಮನುಷ್ಯ" ಎನ್ನುತ್ತಾರೆ. ನನಗೆ ಆ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಅದು ಹತ್ತಿರದವರ ಬಾಯಿ ಕಟ್ಟುತ್ತದೆ. ಈಕೆಗೂ ಹಾಗೇ ಆಗಿತ್ತು. ಬೆಟ್ಟ ನೆನೆದರೆ ಕಡ್ಡಿಪುಡಿ ನೆನಪಾಗುತ್ತಿತ್ತು. ಕಡ್ಡಿಪುಡಿ ನೆನಪಾದರೆ ಸಿಟ್ಟು ಬರುತ್ತಿತ್ತು. ಸಿಟ್ಟು ಬೇಡವೆಂದು ಬೆಟ್ಟವನ್ನೇ ಬಿಟ್ಟಿದ್ದರು.

"ದುಃಖಕ್ಕೆ ಐದು ಹಂತ ಅಂತಾರಲ್ಲ, ನಾನು ಸಿಟ್ಟಿನ ಹಂತದಲ್ಲೇ ಸಿಕ್ಕಿಕೊಂಡಿದ್ದೀನಾ?" ಎಂದರು. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸ್ವಂತ ಸಾವನ್ನು ಎದುರಿಸುತ್ತಿದ್ದ ರೋಗಿಗಳನ್ನು ಮಾತಾಡಿಸಿ. ದುಃಖ ಎಲ್ಲರಲ್ಲೂ ಅದೇ ಕ್ರಮದಲ್ಲಿ ಬರುವುದಿಲ್ಲ ಎಂದೆ. ಇದು ಕಾಯಿಲೆಯೇ ಎಂಬ ಭಯವೂ ಅವರಿಗಿತ್ತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘ ಶೋಕ ಸೇರಿದೆ. ಆರು ತಿಂಗಳು ಕಳೆದರೂ ಸಂಕಟ ಸಡಿಲದೆ, ದಿನದ ಬದುಕೇ ನಿಂತುಹೋದರೆ ಆ ಮಾತು. ಇವರು ಶಾಲೆಗೆ ಹೋಗುತ್ತಿದ್ದರು, ಊಟ ಮಾಡುತ್ತಿದ್ದರು, ಮಗಳ ಜೊತೆ ನಗುತ್ತಿದ್ದರು. ಹಾಗಾಗಿ ಔಷಧದ ದಾರಿ ಬೇಕೆನಿಸಲಿಲ್ಲ. ಏಳಲೇ ಆಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮನೋವೈದ್ಯರನ್ನು ಕಾಣಬೇಕು. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನಾನು ಹೇಳಿದ್ದು ಇಷ್ಟು. ದೊಡ್ಡಪ್ಪನಿಗೆ ಒಂದು ಕಾಗದ ಬರೆಯಿರಿ, ಬದುಕಿದ್ದಾಗ ಬೈಯುತ್ತಿದ್ದ ಹಾಗೇ ಬೈಯಿರಿ. ಆಸ್ಪತ್ರೆಯ ಚಿತ್ರ ಬಂದರೆ ಓಡಿಸಲು ಹೋಗಬೇಡಿ. ಅಣ್ಣತಮ್ಮಂದಿರಿಗೆ ಫೋನ್ ಮಾಡಿ, ದೊಡ್ಡಪ್ಪನ ಜೊತೆ ಅಲೆದ ಒಂದೊಂದು ದಿನವನ್ನು ಕೇಳಿ. ಮಗಳನ್ನು ಕರೆದುಕೊಂಡು ಹೊರಡಿ, ಆದರೆ ದೇವರಾಯನದುರ್ಗಕ್ಕೆ ಈಗಲೇ ಬೇಡ, ಮೊದಲು ಅಮಾನಿಕೆರೆಯ ಏರಿ ಸಾಕು. ದೊಡ್ಡಮ್ಮನ ಹತ್ತಿರ ಎಸೆದದ್ದಕ್ಕೆ ಕ್ಷಮೆ ಕೇಳಿ, ಸಿಟ್ಟು ಬಂದದ್ದಕ್ಕೆ ಕೇಳಬೇಕಿಲ್ಲ. ಅದನ್ನು ಯಾಕೆ ಇಟ್ಟಿರಿ ಎಂದು ಜಗಳವಿಲ್ಲದೆ ವಿಚಾರಿಸಿ.

ಕೊನೆಯದೇ ಎಲ್ಲಕ್ಕಿಂತ ಕಷ್ಟವಾಯಿತು. ಎರಡು ಸಲ ಬಾಗಿಲ ತನಕ ಹೋಗಿ ಬಂದರಂತೆ. ಮೂರನೆಯ ಸಲ ಕೇಳಿದಾಗ ದೊಡ್ಡಮ್ಮ, "ಅಂಗಡಿಯಿಂದ ದಿನಾ ನಾನೇ ತಂದುಕೊಡ್ತಿದ್ದೆ ಕಣಮ್ಮ" ಎಂದು ಕುಸಿದು ಕೂತರು. ಗಂಡನ ಕಾಯಿಲೆ ತನ್ನ ಕೈಯಿಂದಲೇ ಬಂತು ಎಂದು ಆ ಹೆಂಗಸು ಯಾರಿಗೂ ಹೇಳದೆ ನವೆಯುತ್ತಿದ್ದರು. ಮುಂದಿನ ವಾರ ಇಬ್ಬರೂ ಬಂದರು. ಬಿಡಲು ದೊಡ್ಡಪ್ಪನಿಗೂ ಮನಸ್ಸಿರಲಿಲ್ಲ, ತಂಬಾಕಿನ ಚಟ ಬಿಡುವುದು ಸುಲಭವಲ್ಲ, ನೀವು ತರದಿದ್ದರೆ ಅವರೇ ತರುತ್ತಿದ್ದರು ಎಂದು ದೊಡ್ಡಮ್ಮನಿಗೆ ಹೇಳಿದ್ದು ನಾನಲ್ಲ, ಈ ಶಿಕ್ಷಕಿಯೇ.

ಮುಂದಿನ ಎಡೆಗೆ ಕಡ್ಡಿಪುಡಿ ಇಡಬೇಕೋ ಬೇಡವೋ ಎಂದು ನನ್ನನ್ನು ಕೇಳಿದರು. ಅದು ನಿಮ್ಮ ಮನೆಯ ವಿಷಯ ಎಂದೆ. ಇಬ್ಬರೂ ಅಲ್ಲೇ ವಾದಕ್ಕೆ ಇಳಿದರು. ಮಾತು ಬಿಟ್ಟಿದ್ದವರು ಜಗಳವಾಡುತ್ತಿದ್ದಾರಲ್ಲ ಎಂದು ನಾನು ತಡೆಯಲಿಲ್ಲ.