ಬಟ್ಟೆಯ ಬಗ್ಗೆ ಕೇಳಿ: ಸ್ಯಾಟಿನ್ ಅಂದ್ರೆ ರೇಷ್ಮೆ ಅಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಮಾತನ್ನು ಕೇಳುತ್ತವೆ: ‘ಈ ಬಟ್ಟೆ ಯಾವುದರಿಂದ ಮಾಡಿದ್ದು?’ ನಾನು 34 ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಹೊಲಿದು ಉಳಿದ ಚೂರುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಒಂದೊಂದಕ್ಕೂ ಚೀಟಿ ಪಿನ್ ಮಾಡಿ. ಈ ಉತ್ತರಗಳನ್ನು ಬರೆಯುವಾಗ ಆ ಡಬ್ಬಿ ಪಕ್ಕದಲ್ಲೇ ಇತ್ತು.

ಪ್ರಶ್ನೆ: ಅಕ್ಕಾ, ಮಗಳಿಗೆ ಸ್ಯಾಟಿನ್ ಬಟ್ಟೆಯಲ್ಲಿ ಗೌನ್ ಹೊಲಿಸಿದೆ. ರೇಷ್ಮೆ ಥರಾನೇ ಮಿರಮಿರ ಮಿಂಚುತ್ತೆ. ಆದ್ರೆ ಹಾಕಿಕೊಂಡ ಅರ್ಧ ಗಂಟೆಗೇ ಬೆವರು, ಮೈಗೆ ಅಂಟುತ್ತೆ ಅಂತಾಳೆ. ಸ್ಯಾಟಿನ್ ಅಂದ್ರೆ ರೇಷ್ಮೆ ಅಲ್ವಾ?

ಉತ್ತರ: ಅಲ್ಲ. ಈ ಗೊಂದಲ ನಿಮ್ಮೊಬ್ಬರದ್ದೇ ಅಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಯಾಟಿನ್ ಎನ್ನುವುದು ನೇಯ್ಗೆಯ ಹೆಸರು, ನಾರಿನ ಹೆಸರಲ್ಲ. ಸಾದಾ ನೇಯ್ಗೆಯಲ್ಲಿ ಹಾಸಿನ ಎಳೆ, ಅಂದರೆ ಉದ್ದಕ್ಕೆ ಹೋಗುವ ಎಳೆ, ಅಡ್ಡಕ್ಕೆ ಬರುವ ಹೊಕ್ಕಿನ ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಹೋಗುತ್ತದೆ. ಚಾಪೆ ಹೆಣೆದ ಹಾಗೆ. ಸ್ಯಾಟಿನ್‌ನಲ್ಲಿ ಹಾಗಲ್ಲ. ಹಾಸಿನ ಎಳೆ ನಾಲ್ಕು ಎಳೆಗಳ ಮೇಲೆ ತೇಲಿಕೊಂಡು ಹೋಗಿ ಐದನೆಯದರ ಕೆಳಗೆ ನುಗ್ಗುತ್ತದೆ. ಕೆಲವು ಬಟ್ಟೆಯಲ್ಲಿ ಏಳರ ಮೇಲೆ ತೇಲಿ ಎಂಟನೆಯದರ ಕೆಳಗೆ. ಹೀಗೆ ಉದ್ದಕ್ಕೆ ಮಲಗಿದ ಎಳೆಗಳ ಮೇಲೆ ಬೆಳಕು ಚೆದುರದೆ ಜಾರುತ್ತದೆ. ಆ ಮಿಂಚು ಅಲ್ಲಿಂದ ಬರುವುದು. ಉಂಗುರ, ಉಗುರು ತಾಗಿದರೆ ಸ್ಯಾಟಿನ್‌ನ ಎಳೆ ಬೇಗ ಕಿತ್ತು ಬರುವುದಕ್ಕೂ ಇದೇ ಕಾರಣ.

ಇದೇ ನೇಯ್ಗೆಯನ್ನು ರೇಷ್ಮೆ ನೂಲಿನಲ್ಲಿ ನೇಯ್ದರೆ ರೇಷ್ಮೆ ಸ್ಯಾಟಿನ್, ಪಾಲಿಯೆಸ್ಟರ್‌ನಲ್ಲಿ ನೇಯ್ದರೆ ಪಾಲಿಯೆಸ್ಟರ್ ಸ್ಯಾಟಿನ್. ಮಗಳ ಗೌನ್ ಎರಡನೆಯದೇ ಇರಬೇಕು, ಬೆವರೇ ಅದನ್ನು ಹೇಳುತ್ತಿದೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರಿಕೊಳ್ಳುತ್ತದೆ. ರೇಷ್ಮೆ ಸುಮಾರು 11 ಗ್ರಾಂ, ಉಣ್ಣೆ ಸುಮಾರು 16 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಮೈಯ ಬೆವರಿಗೆ ಹೋಗಲು ಜಾಗವೇ ಇಲ್ಲ, ಪಾಪ ಆ ಹುಡುಗಿ ಏನು ಮಾಡಬೇಕು?

ಹೊಸ ಬಟ್ಟೆ ಕೈಗೆ ಬಂದಾಗ ನಾನು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳುತ್ತೇನೆ. ನಾರು ಯಾವುದು? ನೇಯ್ದದ್ದು ಹೇಗೆ? ಹತ್ತಿ, ಲಿನಿನ್, ಉಣ್ಣೆ, ರೇಷ್ಮೆ, ವಿಸ್ಕೋಸ್, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್ ಇವು ನಾರಿನ ಹೆಸರುಗಳು. ಸ್ಯಾಟಿನ್, ಶಿಫಾನ್, ಜಾರ್ಜೆಟ್, ವೆಲ್ವೆಟ್, ಡೆನಿಮ್, ಪಾಪ್ಲಿನ್, ಕಾರ್ಡುರಾಯ್ ಇವು ಬಟ್ಟೆ ಮಾಡಿದ ರೀತಿಯ ಹೆಸರುಗಳು. ಅಂಗಡಿಯಲ್ಲಿ ಹೇಳುವುದು ಸಾಮಾನ್ಯವಾಗಿ ಎರಡನೆಯ ಹೆಸರನ್ನು. ಮೈಗೆ ತಾಗುವುದು ಮೊದಲನೆಯದು. ಅದಕ್ಕೇ ಬಾಯಿಬಿಟ್ಟು ಕೇಳಿ: ‘ಸ್ಯಾಟಿನ್ ಸರಿ, ಯಾವ ನೂಲಿನ ಸ್ಯಾಟಿನ್?’

ಗೌನನ್ನು ಬಿಸಾಡಬೇಡಿ. ಒಳಗೆ ಪಾಲಿಯೆಸ್ಟರ್ ಲೈನಿಂಗ್ ಇದ್ದರೆ ಬಿಚ್ಚಿಸಿ, ತೆಳು ಹತ್ತಿ ಲೈನಿಂಗ್ ಹಾಕಿಸಿ. ಕಂಕುಳ ಭಾಗದಲ್ಲಿ ಸ್ವಲ್ಪ ಸಡಿಲ ಬಿಡಿಸಿ. ಹಾಯಾಗಿ ಹಾಕಿಕೊಳ್ಳಬಹುದು.

ಪ್ರಶ್ನೆ: ಶಿಫಾನ್, ಜಾರ್ಜೆಟ್, ಕ್ರೇಪ್ ಮೂರೂ ಒಂದೇ ಥರ ಕಾಣುತ್ತವೆ. ಗುರುತಿಸುವುದು ಹೇಗೆ?

ಉತ್ತರ: ಮೂರೂ ಒಂದೇ ಮನೆಯವು. ನೂಲಿಗೆ ತುಂಬಾ ಗಟ್ಟಿಯಾಗಿ ಹುರಿ ಕೊಟ್ಟು ನೇಯುತ್ತಾರೆ. ಕೆಲವು ಎಳೆಗೆ ಬಲಕ್ಕೆ ಹುರಿ, ಕೆಲವಕ್ಕೆ ಎಡಕ್ಕೆ. ಮಗ್ಗದಿಂದ ಇಳಿದ ಮೇಲೆ ಆ ಎಳೆಗಳು ಆಚೀಚೆ ಸೆಳೆದಾಡಿ ಬಟ್ಟೆಯಲ್ಲಿ ತರಿತರಿ ಬರುತ್ತದೆ. ಶಿಫಾನ್ ಎಲ್ಲಕ್ಕಿಂತ ತೆಳು, ಕೈ ಹಿಂದೆ ಇಟ್ಟರೆ ಬೆರಳು ಕಾಣುತ್ತದೆ. ಜಾರ್ಜೆಟ್ ಸ್ವಲ್ಪ ತೂಕ, ಬೆರಳಿಗೆ ಸಣ್ಣ ಮರಳಿನ ಹಾಗೆ ತಾಗುತ್ತದೆ. ಕ್ರೇಪ್ ಇನ್ನೂ ದಪ್ಪ, ಸುಕ್ಕು ಕಣ್ಣಿಗೇ ಕಾಣುತ್ತದೆ. ನಾರು ಮಾತ್ರ ರೇಷ್ಮೆಯೂ ಆಗಬಹುದು, ವಿಸ್ಕೋಸೂ ಆಗಬಹುದು, ಪಾಲಿಯೆಸ್ಟರೂ ಆಗಬಹುದು.

ಇದನ್ನು ನಾನು ಕಲಿತದ್ದು ನೋವಿನಿಂದ. ಕೆಲಸ ಶುರುಮಾಡಿದ ಎರಡನೇ ವರ್ಷ ಒಬ್ಬರು ಜಾರ್ಜೆಟ್ ಬಟ್ಟೆ ತಂದುಕೊಟ್ಟರು. ಅಂಗಡಿಯವರು ಪ್ಯೂರ್ ಸಿಲ್ಕ್ ಎಂದು ಹೇಳಿ ಕೊಟ್ಟಿದ್ದರಂತೆ. ನಾನೂ ನಂಬಿದೆ. ಹೊಲಿದು ಮುಗಿಸಿ ತೋಳಿನ ಮೇಲೆ ಬಿಸಿ ಇಸ್ತ್ರಿ ಇಟ್ಟೆ. ಎತ್ತುವಷ್ಟರಲ್ಲಿ ತೋಳು ಮುದುಡಿ, ಅಂಚು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿತ್ತು. ಅದು ಪಾಲಿಯೆಸ್ಟರ್. ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಹೋಗುತ್ತದೆ, ಅದಕ್ಕಿಂತ ಎಷ್ಟೋ ಮುಂಚೆಯೇ ಮೆತ್ತಗಾಗುತ್ತದೆ. ರೇಷ್ಮೆ ಕರಗುವುದೇ ಇಲ್ಲ, ಶಾಖ ಜಾಸ್ತಿಯಾದರೆ ಸೀದು ಹೋಗುತ್ತದೆ ಅಷ್ಟೆ. ಅವರಿಗೆ ಬೇರೆ ಬಟ್ಟೆ ತಂದು ಹೊಲಿದುಕೊಟ್ಟೆ. ಅವತ್ತಿನಿಂದ ಹೊಲಿಗೆಯ ಒಳಮಡಿಕೆಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡದೆ ನಾನು ಇಸ್ತ್ರಿ ಮುಟ್ಟುವುದಿಲ್ಲ.

ಪ್ರಶ್ನೆ: ವೆಲ್ವೆಟ್ ಯಾವ ಪ್ರಾಣಿಯ ಕೂದಲಿನಿಂದ ಮಾಡಿದ್ದು?

ಉತ್ತರ: ಯಾವ ಪ್ರಾಣಿಯದೂ ಅಲ್ಲ. ಅದೂ ನೇಯ್ಗೆಯೇ. ಎರಡು ಬಟ್ಟೆಗಳನ್ನು ಎದುರುಬದುರಾಗಿ ಒಟ್ಟಿಗೇ ನೇಯುತ್ತಾರೆ, ನಡುವೆ ಹೆಚ್ಚುವರಿ ಎಳೆಗಳು ಎರಡನ್ನೂ ಹಿಡಿದುಕೊಂಡಿರುತ್ತವೆ. ಆಮೇಲೆ ಮಧ್ಯದಲ್ಲಿ ಬ್ಲೇಡ್ ಓಡಿಸಿ ಸೀಳಿದರೆ ಎರಡು ವೆಲ್ವೆಟ್ ಸಿಗುತ್ತವೆ. ಆ ಕತ್ತರಿಸಿದ ತುದಿಗಳೇ ಮೆತ್ತನೆಯ ರೋಮದ ಹಾಗೆ ನಿಲ್ಲುತ್ತವೆ. ಹಿಂದೆ ರೇಷ್ಮೆಯಲ್ಲೇ ಜಾಸ್ತಿ ಮಾಡುತ್ತಿದ್ದರು. ಈಗ ಹತ್ತಿ, ವಿಸ್ಕೋಸ್, ಪಾಲಿಯೆಸ್ಟರ್ ಎಲ್ಲದರಲ್ಲೂ ಬರುತ್ತದೆ.

ಪ್ರಶ್ನೆ: ಮೇಡಂ, ರೇಯಾನ್ ನೈಸರ್ಗಿಕವೋ ಕೃತಕವೋ? ಒಬ್ಬರು ಹತ್ತಿ ಥರಾನೇ ಅಂತಾರೆ, ಇನ್ನೊಬ್ಬರು ಪ್ಲಾಸ್ಟಿಕ್ ಅಂತಾರೆ. ನನ್ನ ರೇಯಾನ್ ಕುರ್ತಾ ಒಂದೇ ಒಗೆತಕ್ಕೆ ಎರಡು ಬೆರಳು ಗಿಡ್ಡವಾಯಿತು.

ಉತ್ತರ: ಪ್ಲಾಸ್ಟಿಕ್ ಖಂಡಿತ ಅಲ್ಲ. ರೇಯಾನ್, ಅಂದರೆ ಬಹುತೇಕ ವಿಸ್ಕೋಸ್, ಹುಟ್ಟುವುದು ಮರದಿಂದ. ಮರದ ತಿರುಳಿನಲ್ಲೂ ಹತ್ತಿಯಲ್ಲೂ ಇರುವುದು ಒಂದೇ ವಸ್ತು, ಸೆಲ್ಯುಲೋಸ್. ಹತ್ತಿ ಗಿಡ ಅದನ್ನು ನೂಲಲು ಬರುವ ಎಳೆಯಾಗಿಯೇ ಕೊಡುತ್ತದೆ. ಮರದಲ್ಲಿ ಹಾಗಿಲ್ಲ, ಕರಗಿಸಿ ಎಳೆ ತೆಗೆಯಬೇಕು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬ ಮೂವರು ಇದಕ್ಕೆ ಪೇಟೆಂಟ್ ಪಡೆದರು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿದರೆ ಜೇನಿನಂಥ ಮಂದ ದ್ರವ ಆಗುತ್ತದೆ. ಅದನ್ನು ಸೂಜಿಮೊನೆಯಷ್ಟು ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ಒತ್ತುತ್ತಾರೆ. ಹೊರಬಂದದ್ದು ಅಲ್ಲೇ ಗಟ್ಟಿಯಾಗಿ ಎಳೆಯಾಗುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ವಸ್ತು ಗಿಡಮರದ್ದು, ಎಳೆ ಕಾರ್ಖಾನೆಯದ್ದು. ಬೆವರು ಹೀರುತ್ತದೆ, ತಂಪಾಗಿರುತ್ತದೆ, ಚೆನ್ನಾಗಿ ಇಳಿಬೀಳುತ್ತದೆ. ನೀರು ಕಂಡರೆ ಮಾತ್ರ ಸೋಲುತ್ತದೆ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ. ಸಾದಾ ವಿಸ್ಕೋಸ್ ಒದ್ದೆಯಾದರೆ ಹತ್ತಿರಹತ್ತಿರ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಆ ಹೊತ್ತಲ್ಲಿ ಕುಕ್ಕಿ ಒಗೆದು ಹಿಂಡಿದರೆ ಆಕಾರ ಕೆಡುತ್ತದೆ. ತಣ್ಣೀರಲ್ಲಿ ಸುಮ್ನೆ ಅದ್ದಿ ತೆಗೆದು, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ಹೊಲಿಸುವ ಮುಂಚೆ ಬಟ್ಟೆಯನ್ನು ಒಂದು ಸಲ ನೀರಿಗೆ ಹಾಕಿ ಒಣಗಿಸಲೇಬೇಕು. ಅಷ್ಟು ಮಾಡಿದ್ದರೆ ನಿಮ್ಮ ಕುರ್ತಾ ಇಷ್ಟು ಗಿಡ್ಡವಾಗುತ್ತಿರಲಿಲ್ಲ.

ಕೇಳದೇ ಇದ್ದರೂ ಎರಡು ಮಾತು ಹೇಳುತ್ತೇನೆ. ‘ಬಿದಿರಿನ ಬಟ್ಟೆ’ ಎಂದು ಮೆತ್ತಗೆ ಮಾರುವುದು ಬಹುಪಾಲು ಇದೇ ವಿಸ್ಕೋಸ್, ತಿರುಳು ಬಿದಿರಿನದ್ದು ಅಷ್ಟೆ. ಇನ್ನೊಂದು, ಆ ಕಾರ್ಬನ್ ಡೈಸಲ್ಫೈಡ್‌ನ ಆವಿ ಕುಡಿದು ಕಾರ್ಖಾನೆಯ ಕೆಲಸಗಾರರ ನರಗಳು ಹಾಳಾದ ದೊಡ್ಡ ಚರಿತ್ರೆಯೇ ಇದೆ. ಲಯೋಸೆಲ್ ಎಂಬ ಬಟ್ಟೆಯೂ ಮರದ ತಿರುಳಿನದ್ದೇ, ಅದರಲ್ಲಿ ಈ ವಿಷ ಬಳಸುವುದಿಲ್ಲ. ಕರಗಿಸುವ ದ್ರಾವಕವನ್ನು ಬಹುಪಾಲು ಮರಳಿ ಹಿಡಿದು ಮತ್ತೆ ಉಪಯೋಗಿಸುತ್ತಾರೆ. ಎರಡೂ ಎದುರಿಗಿದ್ದರೆ ನಾನು ಲಯೋಸೆಲ್ ಎತ್ತಿಕೊಳ್ಳುತ್ತೇನೆ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ನೀರಿನ ಬಾಟಲಿಯಿಂದ ಟೀ ಶರ್ಟ್ ಮಾಡ್ತಾರೆ ಅಂತ ಫ್ರೆಂಡ್ ಹೇಳಿದ. ನಿಜಾನಾ ಆಂಟಿ?

ಉತ್ತರ: ನಿಜ ಪುಟ್ಟಾ. ನೀರಿನ ಬಾಟಲಿಯ ತಳದಲ್ಲಿ 1 ಎಂಬ ಅಂಕಿ ಇರುತ್ತದೆ, ನೋಡು. ಅದರ ಹೆಸರು ಪೆಟ್. ಪಾಲಿಯೆಸ್ಟರ್ ಬಟ್ಟೆಯೂ ಅದೇ ವಸ್ತು. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಅದರಿಂದ ನಾರು ಮಾಡಿದರು. ಬಾಟಲಿಯನ್ನು ತೊಳೆದು, ಚೂರು ಮಾಡಿ, ಕರಗಿಸಿ ಸಣ್ಣ ತೂತಿನಿಂದ ಎಳೆದರೆ ನೂಲು ಬರುತ್ತದೆ. ಅದರ ಮೂಲ ನೆಲದಡಿಯ ಎಣ್ಣೆ ಎನ್ನುವುದೂ ನಿನಗೆ ಗೊತ್ತಿರಲಿ. ಈ ಬಟ್ಟೆ ಒಗೆದಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ, ಅದು ನನಗೆ ಚಿಂತೆಯ ವಿಷಯ.

ಪ್ರಶ್ನೆ: ಉಣ್ಣೆಯ ಸ್ವೆಟರ್ ಮೆಷಿನ್‌ಗೆ ಹಾಕಿದೆ, ಮಗುವಿನ ಅಳತೆಗೆ ಬಂತು. ಮತ್ತೆ ಹಿಗ್ಗಿಸಬಹುದಾ?

ಉತ್ತರ: ಪೂರ್ತಿ ಆಗುವುದಿಲ್ಲ. ಕುರಿಯ ಕೂದಲಿನ ಮೈಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು, ತಿರುಗಾಟ ಮೂರೂ ಸೇರಿದರೆ ಆ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ. ಹ್ಯಾಟು ಮಾಡುವ ಫೆಲ್ಟ್ ಬಟ್ಟೆಯನ್ನು ಬೇಕೆಂದೇ ಹೀಗೆ ಮಾಡುತ್ತಾರೆ, ಅದಕ್ಕೆ ಮಗ್ಗವೇ ಬೇಡ. ಸ್ವೆಟರ್ ಬರೀ ಸ್ವಲ್ಪ ಕುಗ್ಗಿದ್ದರೆ ಒದ್ದೆ ಇರುವಾಗಲೇ ಮೆಲ್ಲಗೆ ಎಳೆದು, ಅಳತೆಗೆ ಹರಡಿ, ಮಲಗಿಸಿ ಒಣಗಿಸಿ. ಗಟ್ಟಿಯಾಗಿ ಹೋಗಿದ್ದರೆ ಮಗುವಿಗೇ ಕೊಟ್ಟುಬಿಡಿ.

ಪ್ರಶ್ನೆ: ಲಿನಿನ್ ಯಾಕೆ ಅಷ್ಟು ಮುದುರುತ್ತೆ?

ಉತ್ತರ: ಅದು ಅಗಸೆ ಗಿಡದ ಕಾಂಡದ ನಾರು. ಗಟ್ಟಿ, ಆದರೆ ಹಿಗ್ಗುವ ಗುಣ ಕಡಿಮೆ, ಹಾಗಾಗಿ ಮಡಿಸಿದಲ್ಲೇ ಮಡಿಕೆ ನಿಲ್ಲುತ್ತದೆ. ಈಜಿಪ್ಟಿನವರು ಮಮ್ಮಿಗಳಿಗೆ ಸುತ್ತಿದ್ದು ಈ ಬಟ್ಟೆಯನ್ನೇ, ಸಾವಿರಾರು ವರ್ಷ ಬಾಳಿದೆ. ಪೂರ್ತಿ ಒಣಗುವ ಮುಂಚೆ ಇಸ್ತ್ರಿ ಮಾಡಿ.

ಪ್ರಶ್ನೆ: ಜೀನ್ಸ್ ಹತ್ತಿ ಬಟ್ಟೆಯೇ? ಒಳಗಡೆ ಯಾಕೆ ಬೆಳ್ಳಗಿರುತ್ತೆ?

ಉತ್ತರ: ಹೌದು, ಹತ್ತಿಯೇ. ಡೆನಿಮ್‌ನಲ್ಲಿ ಹಾಸಿನ ಎಳೆಗೆ ಮಾತ್ರ ನೀಲಿ ಬಣ್ಣ, ಹೊಕ್ಕಿನ ಎಳೆ ಬಿಳಿ. ಓರೆ ಗೆರೆ ಬರುವ ಟ್ವಿಲ್ ನೇಯ್ಗೆಯಲ್ಲಿ ನೀಲಿ ಹೊರಗೆ, ಬಿಳಿ ಒಳಗೆ ಹೋಗುತ್ತದೆ. ನೀಲಿ ಕೂಡ ಎಳೆಯ ಹೊರಮೈಗಷ್ಟೇ ಹತ್ತಿರುತ್ತದೆ, ಅದಕ್ಕೇ ಮೊಣಕಾಲು ಬೇಗ ಬೆಳ್ಳಗಾಗುವುದು. ಎಳೆದರೆ ಹಿಗ್ಗುವ ಜೀನ್ಸ್‌ನಲ್ಲಿ ನೂರಕ್ಕೆ ಒಂದೆರಡು ಭಾಗ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನಾರು ಸೇರಿರುತ್ತದೆ. ಅದಕ್ಕೆ ಬಿಸಿ ಆಗದು, ಡ್ರೈಯರ್‌ಗೆ ಹಾಕಬೇಡಿ.

ಪ್ರಶ್ನೆ: ಅಕ್ಕಾ, ಅಮ್ಮನ ಪೆಟ್ಟಿಗೆಯಲ್ಲಿ ಒಂದು ಶಾಲು ಸಿಕ್ಕಿದೆ. ಅಮ್ಮ ಈಗ ಇಲ್ಲ, ಕೇಳೋಕೆ ಯಾರೂ ಇಲ್ಲ. ಮುಂದೆ ಹೊಳಪು, ಹಿಂದೆ ಮಂಕು. ರೇಷ್ಮೆಯೋ ಹತ್ತಿಯೋ ಗೊತ್ತಾಗ್ತಿಲ್ಲ. ಒಂದು ಚೂರು ಕವರಿನಲ್ಲಿ ಇಟ್ಟಿದ್ದೀನಿ.

ಉತ್ತರ: ಚೂರು ಜೋಪಾನವಾಗಿ ಬಂದು ತಲುಪಿತು ತಂಗಿ. ಹೆಬ್ಬೆರಳಿನಷ್ಟಗಲ. ಅಂಚು ಸೇರಿಸಿ ಕತ್ತರಿಸಿದ್ದು ಒಳ್ಳೆಯದಾಯಿತು. ಅಂಚಿನ ಉದ್ದಕ್ಕೆ ಹೋಗುವುದು ಹಾಸು, ಅಡ್ಡಕ್ಕೆ ಬರುವುದು ಹೊಕ್ಕು ಎಂದು ಅದರಿಂದಲೇ ತಿಳಿಯಿತು.

ಎರಡು ಕಡೆಯಿಂದಲೂ ಸೂಜಿಮೊನೆಯಲ್ಲಿ ಎಳೆ ಬಿಡಿಸಿಕೊಂಡು ಭೂತಗನ್ನಡಿಯಲ್ಲಿ ನೋಡಿದೆ. ಹಾಸಿನ ಎಳೆ ಬಿಚ್ಚಿದರೆ ಕೂದಲಿಗಿಂತ ಸಣ್ಣ ಎಳೆಗಳು, ಎಲ್ಲೂ ತುದಿ ಇಲ್ಲ, ಚೂರಿನ ಈ ಕಡೆಯಿಂದ ಆ ಕಡೆಯವರೆಗೂ ಒಂದೇ ಸಮ. ಹೊಕ್ಕಿನ ಎಳೆಯ ಹುರಿ ಬಿಚ್ಚಿದರೆ ತುಂಡು ತುಂಡು ನಾರು ಉದುರಿತು.

ಆಮೇಲೆ ಬೇರೆ ಬೇರೆಯಾಗಿ ಸುಟ್ಟೆ. ಮನೆಯಲ್ಲಿ ಮಾಡುವವರು ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಪಕ್ಕದಲ್ಲಿ ನೀರಿಟ್ಟುಕೊಂಡೇ ಮಾಡಬೇಕು. ಹಾಸಿನ ಎಳೆ ಬೆಂಕಿಯಿಂದ ದೂರಕ್ಕೆ ಸುರುಟಿಕೊಂಡಿತು. ನಿಧಾನಕ್ಕೆ ಉರಿದು, ಬೆಂಕಿ ತೆಗೆದೊಡನೆ ನಂದಿತು. ಕೂದಲು ಸುಟ್ಟ ವಾಸನೆ. ತುದಿಯಲ್ಲಿ ಉಳಿದ ಕರೀ ಗುಂಡು ಬೆರಳಲ್ಲಿ ಒತ್ತಿದಾಗ ಪುಡಿಯಾಯಿತು. ಪಾಲಿಯೆಸ್ಟರ್ ಆಗಿದ್ದರೆ ಆ ಗುಂಡು ಮಣಿಯಷ್ಟು ಗಟ್ಟಿ, ಒಡೆಯುವುದಿಲ್ಲ. ಹೊಕ್ಕಿನ ಎಳೆ ತಕ್ಷಣ ಹತ್ತಿಕೊಂಡಿತು. ಬೆಂಕಿ ತೆಗೆದ ಮೇಲೂ ಕೆಂಡವಾಗಿ ಉರಿಯಿತು. ಕಾಗದ ಸುಟ್ಟ ವಾಸನೆ, ಊದಿದರೆ ಹಾರುವ ಬೂದಿ.

ನಿಮ್ಮ ಅಮ್ಮನ ಶಾಲಿನ ಹಾಸು ರೇಷ್ಮೆ, ಹೊಕ್ಕು ಹತ್ತಿ. ಸ್ಯಾಟಿನ್ ನೇಯ್ಗೆ ಆದ್ದರಿಂದ ರೇಷ್ಮೆಯೆಲ್ಲ ಮೇಲಕ್ಕೆ ಬಂದಿದೆ, ಮೈಗೆ ತಾಗುವ ಕಡೆ ಹತ್ತಿ ಇದೆ. ಯೋಚನೆ ಮಾಡಿ ನೇಯ್ದ ಬಟ್ಟೆ ಇದು. ನನ್ನ ಡಬ್ಬಿಯಲ್ಲಿ ಇಂಥದ್ದು ಒಂದೂ ಇಲ್ಲ.

ಕ್ಲೋರಿನ್ ಬ್ಲೀಚ್ ಹತ್ತಿರಕ್ಕೂ ತರಬೇಡಿ, ರೇಷ್ಮೆಯನ್ನು ತಿಂದುಹಾಕುತ್ತದೆ. ಬಟ್ಟೆ ಸೋಪೂ ಬೇಡ, ತಣ್ಣೀರಿಗೆ ಸ್ವಲ್ಪ ಮೃದುವಾದ ಶಾಂಪೂ ಸಾಕು. ಮೊದಲು ಒಂದು ಮೂಲೆಯನ್ನು ಒದ್ದೆ ಮಾಡಿ, ಬಣ್ಣ ಬಿಡುತ್ತದಾ ನೋಡಿ. ಒಣಗಿಸುವುದು ನೆರಳಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಸಿದಲ್ಲೇ ರೇಷ್ಮೆ ಎಳೆ ಕಡಿಯುತ್ತದೆ. ಮುಖ್ಯವಾಗಿ, ಆಗಾಗ ಹೊದ್ದುಕೊಳ್ಳಿ.

ಉಳಿದ ಚೂರನ್ನು ಅದೇ ಕವರಿನಲ್ಲಿ ನಿಮಗೆ ವಾಪಸ್ ಕಳಿಸಿದ್ದೇನೆ. ಎರಡು ಎಳೆ ಮಾತ್ರ ನನ್ನ ಡಬ್ಬಿಗೆ ಇಟ್ಟುಕೊಂಡೆ. ಚೀಟಿಯಲ್ಲಿ ‘ಓದುಗರೊಬ್ಬರ ಅಮ್ಮನ ಶಾಲು, ರೇಷ್ಮೆ ಹಾಸು, ಹತ್ತಿ ಹೊಕ್ಕು’ ಎಂದು ಬರೆದಿದ್ದೇನೆ.